ಮರಗೆಲಸದ ಕೈಯಂತ್ರಕ್ಕೆ ಹೆಚ್ಚುವರಿ ಹಿಡಿಕೆ: ವಿನ್ಯಾಸ, ಲೆಕ್ಕಾಚಾರ ಮತ್ತು ಹೊಣೆಗಾರಿಕೆ

ಬೆಳಗಾವಿ ನಗರದ ಉದ್ಯಮಬಾಗ ಹಾಗೂ ಮಚ್ಛೆ ಕೈಗಾರಿಕಾ ಪ್ರದೇಶಗಳಲ್ಲಿ ಎರಕದ ಕಾರ್ಖಾನೆಗಳೂ ಯಂತ್ರಾಂಗಗಳನ್ನು ತಯಾರಿಸುವ ಸಣ್ಣ ಘಟಕಗಳೂ ಬಹುಕಾಲದಿಂದ ನೆಲೆಸಿವೆ. ಇವುಗಳಲ್ಲಿ ಬಹುಪಾಲು ಘಟಕಗಳು ಪರರು ಕೊಟ್ಟ ನಕ್ಷೆಗೆ ಅನುಗುಣವಾಗಿ ಬಿಡಿಭಾಗಗಳನ್ನು ಮಾಡಿಕೊಡುತ್ತವೆ. ಕೌಶಲ ನಮ್ಮದಾದರೂ ಉತ್ಪನ್ನದ ಹೆಸರು ಬೇರೆಯವರದಾಗಿರುತ್ತದೆ. ಇತ್ತ ಖಾನಾಪುರ ತಾಲ್ಲೂಕು ಪಶ್ಚಿಮ ಘಟ್ಟದ ಕಾಡಿನ ಅಂಚಿನಲ್ಲಿದ್ದು, ಸಾಗುವಾನಿ, ಮತ್ತಿ, ಹೊನ್ನೆ, ಹಲಸು ಮೊದಲಾದ ಮರಗಳ ಕೆಲಸ ಬಲ್ಲ ಬಡಗಿಗಳ ನಾಡಾಗಿದೆ. ಉಳಿ, ಬಾಚಿ, ತೋಪಡಗಳ ಜೊತೆಗೆ ವಿದ್ಯುತ್ ಕೈಯಂತ್ರಗಳು ಇಂದು ಅವರ ಕೈ ಸೇರಿವೆ. ಈ ಎರಡೂ ಊರುಗಳ ಅನುಭವವನ್ನು ಒಂದುಗೂಡಿಸಬಲ್ಲ ಒಂದು ಚಿಕ್ಕ ಉತ್ಪನ್ನದ ಕುರಿತು ಈ ಲೇಖನದಲ್ಲಿ ವಿವೇಚಿಸಲಾಗಿದೆ. ಅದು ಕೈಯಂತ್ರಕ್ಕೆ ಹೊರಗಿನಿಂದ ಜೋಡಿಸುವ ಹೆಚ್ಚುವರಿ ಹಿಡಿಕೆ.

ನೋಡಲು ಇದು ಅತಿ ಸರಳವಾದ ವಸ್ತು. ಆದರೆ ನಿಮಿಷಕ್ಕೆ 30,000 ಸುತ್ತು ತಿರುಗುವ ಅಲಗಿನ ಪಕ್ಕದಲ್ಲಿ ಬಡಗಿಯ ಬೆರಳುಗಳನ್ನು ನಿಲ್ಲಿಸುವ ವಸ್ತುವೂ ಹೌದು. ಅದು ಕಳಚಿದರೆ ನಷ್ಟ ಕೇವಲ ಹಿಡಿಕೆಯದಲ್ಲ. ಆದುದರಿಂದ ಸಣ್ಣ ತಯಾರಕರು ಅಂದಾಜಿನ ಮೇಲೆ ಅವಲಂಬಿಸದೆ ಲೆಕ್ಕಾಚಾರದಿಂದ ಇದರ ವಿನ್ಯಾಸವನ್ನು ಆರಂಭಿಸುವುದು ಅವಶ್ಯ.

1. ಯಾವ ಯಂತ್ರಕ್ಕೆ, ಏಕೆ?

ಎರಡೂ ಕೈಗಳಿಂದ ಯಂತ್ರವನ್ನು ಹಿಡಿಯುವ ವಿಚಾರ ಹೊಸದಲ್ಲ. ಜರ್ಮನಿಯ ಫೈನ್ ಸಂಸ್ಥೆಯು 1895ರಲ್ಲಿ ವಿದ್ಯುತ್ ಕೈ ಡ್ರಿಲ್ ನಿರ್ಮಿಸಿತು. ಪಿಸ್ತೂಲಿನ ಆಕಾರದ ಹಿಡಿಕೆ ಮತ್ತು ಬೆರಳಿನಿಂದ ಒತ್ತುವ ಸ್ವಿಚ್ಚುಳ್ಳ ಡ್ರಿಲ್‌ಗೆ ಅಮೆರಿಕದ ಬ್ಲ್ಯಾಕ್ ಮತ್ತು ಡೆಕರ್ 1917ರಲ್ಲಿ ಪೇಟೆಂಟ್ ಪಡೆದರು. ಇಂದಿನ ದೊಡ್ಡ ಡ್ರಿಲ್ ಮತ್ತು ಗ್ರೈಂಡರುಗಳಿಗೆ ಪಕ್ಕದ ಹಿಡಿಕೆಯು ತಯಾರಕರಿಂದಲೇ ಬರುತ್ತದೆ. ಆದರೆ ನಮ್ಮ ಬಡಗಿಗಳು ಸನ್‌ಮೈಕಾ ಅಂಚು ಕತ್ತರಿಸಲು, ಬಾಗಿಲಿನ ಹಲಗೆಗೆ ಗೆರೆ ತೆಗೆಯಲು, ಕೀಲು ಕೂರಿಸಲು ಬಳಸುವ ಟ್ರಿಮ್ಮರ್ ಎಂಬ ಚಿಕ್ಕ ರೌಟರ್‌ಗೆ ಸಾಮಾನ್ಯವಾಗಿ ಪ್ರತ್ಯೇಕ ಹಿಡಿಕೆ ಇರುವುದಿಲ್ಲ. ಯಂತ್ರದ ಉರುಟು ಒಡಲನ್ನೇ ಒಂದು ಕೈಯಿಂದ ಹಿಡಿಯಬೇಕು. ಆದ್ದರಿಂದ ಇದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಇಂತಹ ಯಂತ್ರದ ತೂಕ ಸುಮಾರು 1.5ರಿಂದ 2 ಕಿಲೋ, ಒಡಲಿನ ವ್ಯಾಸ ಅನೇಕ ಮಾದರಿಗಳಲ್ಲಿ ಸುಮಾರು 65 ಮಿ.ಮೀ., ತಳದ ಅಗಲ ಸುಮಾರು 90 ಮಿ.ಮೀ. ಹಲಗೆಯ ಅಂಚಿನಲ್ಲಿ ಕೆಲಸ ಮಾಡುವಾಗ ತಳದ ಅರ್ಧಭಾಗ ಗಾಳಿಯಲ್ಲಿರುತ್ತದೆ. ಯಂತ್ರದ ಭಾರವು ಅಂಚಿನ ನೇರಕ್ಕೆ ಬಂದು ನಿಲ್ಲುತ್ತದೆ. ಮೇಲಿನಿಂದ ಸ್ವಲ್ಪ ಪಕ್ಕಕ್ಕೆ ಒತ್ತಿದರೂ, ವಿದ್ಯುತ್ ತಂತಿ ಎಳೆದರೂ ಯಂತ್ರ ವಾಲುತ್ತದೆ, ಅಲಗು ಅಂಚನ್ನು ಕಚ್ಚುತ್ತದೆ. 12 ಮಿ.ಮೀ. ವ್ಯಾಸದ ಅಲಗಿನ ತುದಿಯ ವೇಗ 30,000 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 19 ಮೀಟರ್. 25 ಮಿ.ಮೀ. ಅಲಗಿಗೆ ಅದು 39 ಮೀಟರ್. ಯಂತ್ರ ವಾಲಿದ ಮೇಲೆ ಕೈ ಹಿಂದೆಗೆಯಲು ಸಮಯ ಉಳಿಯುವುದಿಲ್ಲ. ಹಿಡಿಕೆಯ ಮೊದಲ ಉದ್ದೇಶ ಈ ವಾಲುವಿಕೆಯನ್ನು ತಡೆಯುವುದೇ ಆಗಿರತಕ್ಕದ್ದು.

2. ಎಲ್ಲಿ ಜೋಡಿಸಬೇಕು?

ಒಂದು ಸರಳ ಲೆಕ್ಕವನ್ನು ಗಮನಿಸಿರಿ. ಹಲಗೆಯ ಮಟ್ಟದಿಂದ 120 ಮಿ.ಮೀ. ಎತ್ತರದಲ್ಲಿ ಯಂತ್ರದ ತಲೆಯನ್ನು 20 ನ್ಯೂಟನ್ ಬಲದಿಂದ, ಅಂದರೆ ಸುಮಾರು 2 ಕಿಲೋ ಭಾರದಷ್ಟು, ಹೊರಕ್ಕೆ ಒತ್ತಿದರೆ ವಾಲಿಸುವ ತಿರುಗುಬಲ 2.4 ನ್ಯೂಟನ್-ಮೀಟರ್ ಆಗುತ್ತದೆ. ಅಲಗಿನ ಅಕ್ಷದಿಂದ ಹಲಗೆಯ ಒಳಬದಿಗೆ 120 ಮಿ.ಮೀ. ದೂರದಲ್ಲಿ ಒಂದು ಗುಂಡಿ ಹಿಡಿಕೆಯಿದ್ದು ಅದನ್ನು ಅಷ್ಟೇ 20 ನ್ಯೂಟನ್ ಬಲದಿಂದ ಕೆಳಕ್ಕೆ ಒತ್ತಿದರೆ, ತಡೆಯುವ ತಿರುಗುಬಲವೂ 2.4 ನ್ಯೂಟನ್-ಮೀಟರ್. ಎರಡೂ ಸರಿದೂಗುತ್ತವೆ. ಅದೇ ಹಿಡಿಕೆಯನ್ನು ಒಡಲಿನ ಮೇಲ್ಭಾಗಕ್ಕೆ ಕಟ್ಟಿದರೆ ಕೈಯ ಅಡ್ಡಬಲವು ವಾಲುವಿಕೆಯನ್ನು ತಡೆಯುವ ಬದಲು ಹೆಚ್ಚಿಸುವ ಸಂಭವವಿದೆ. ಹಿಡಿಕೆಯು ಎಷ್ಟು ಕೆಳಗಿದ್ದು ಎಷ್ಟು ದೂರವಿರುವುದೋ ಅಷ್ಟು ಒಳ್ಳೆಯದೆಂಬುದೇ ಇದರ ತಾತ್ಪರ್ಯ.

ಆದುದರಿಂದ ಅಂಚಿನ ಕೆಲಸಕ್ಕೆ ಮೊದಲ ಆಯ್ಕೆ ವಿಸ್ತರಿಸಿದ ತಳಹಲಗೆ. ಯಂತ್ರದೊಂದಿಗೆ ಬಂದ ತಳದ ತಗಡನ್ನು ತೆಗೆದು, ಅದೇ ತಿರುಪಿನ ರಂಧ್ರಗಳಿಗೆ 6ರಿಂದ 8 ಮಿ.ಮೀ. ದಪ್ಪದ ಉದ್ದವಾದ ಹಲಗೆಯನ್ನು ಕೂರಿಸಿ, ದೂರದ ತುದಿಯಲ್ಲಿ ಗುಂಡಿಯನ್ನು ನಿಲ್ಲಿಸುವುದು. ಇಲ್ಲಿ ಮೂರು ಎಚ್ಚರಿಕೆಗಳಿವೆ.

ಮೊದಲನೆಯದಾಗಿ, ಅಕ್ರಿಲಿಕ್ ಹಾಳೆಯು ಶಂಕುವಿನಾಕಾರದ ತಲೆಯ ತಿರುಪಿನ ಬಿಗಿತಕ್ಕೆ ಬೆಣೆ ಹೊಡೆದಂತೆ ಸೀಳುತ್ತದೆ. ಪಾಲಿಕಾರ್ಬೊನೇಟ್ ಅಥವಾ ಬೇಕಲೈಟ್ ಹಾಳೆ ಬಳಸಿ, ಚಪ್ಪಟೆ ತಲೆಯ ತಿರುಪಿಗೆ ಮಟ್ಟವಾದ ಕುಳಿ ತೆಗೆಯುವುದು ಮೇಲು. ಎರಡನೆಯದಾಗಿ, ಹೊಸ ಹಲಗೆಯು ಹಳೆಯದಕ್ಕಿಂತ ಎಷ್ಟು ದಪ್ಪವಿದೆಯೋ ಅಷ್ಟು ಕೊರೆತದ ಆಳ ಕಡಿಮೆಯಾಗುತ್ತದೆ. ಇದನ್ನು ಸರಿದೂಗಿಸಲು ಬಡಗಿಯು ಅಲಗನ್ನು ಕಾಲೆಟ್‌ನಿಂದ ಹೊರಗೆ ಎಳೆದು ಕಟ್ಟುವ ಅಪಾಯವಿರುವುದರಿಂದ ಅನಗತ್ಯ ದಪ್ಪ ಬೇಡ. ಮೂರನೆಯದಾಗಿ, ತಿರುಪುಗಳು ಹಳೆಯವಕ್ಕಿಂತ ಉದ್ದವಾಗಬೇಕಾದರೆ ಹೆಚ್ಚಾದ ದಪ್ಪದಷ್ಟು ಮಾತ್ರ ಉದ್ದವಾಗಿರಲಿ.

ತಳಹಲಗೆ ಕೂರದ ಇಕ್ಕಟ್ಟಾದ ಕೆಲಸಗಳಿಗೆ ಎರಡನೆಯ ಆಯ್ಕೆ ಒಡಲಿಗೆ ಬಿಗಿಯುವ ಪಟ್ಟಿ ಮತ್ತು ಪಕ್ಕದ ಹಿಡಿಕೆ. ಇದರಲ್ಲಿ ಒಂದು ಮಿತಿಯಿದೆ. ಟ್ರಿಮ್ಮರಿನ ಮೋಟಾರು ತಳದೊಳಗೆ ಮೇಲೆ ಕೆಳಗೆ ಸರಿಯುವಂತಹದು. ಪಟ್ಟಿಯನ್ನು ಮೋಟಾರಿಗೆ ಬಿಗಿದರೆ ಕೈಯ ಬಲವೆಲ್ಲ ತಳದ ಬಿಗಿತಿರುಪಿನ ಮೇಲೆ ಬೀಳುತ್ತದೆ. ಅದು ಸಡಿಲವಿದ್ದರೆ ಕೊರೆತದ ಆಳವೇ ಬದಲಾಗಿಬಿಡುವುದು. ಬಳಕೆಯ ಸೂಚನೆಯಲ್ಲಿ ಇದನ್ನು ಸ್ಪಷ್ಟವಾಗಿ ತಿಳಿಸಬೇಕು.

3. ಬಿಗಿಪಟ್ಟಿಯ ಲೆಕ್ಕ

700 ವ್ಯಾಟ್ ಮೋಟಾರು 30,000 ಸುತ್ತಿನಲ್ಲಿ ಕೊಡುವ ತಿರುಗುಬಲ ಹೆಚ್ಚೆಂದರೆ 0.22 ನ್ಯೂಟನ್-ಮೀಟರ್ ಮಾತ್ರ. ಹಿಡಿಕೆಯ ಮೇಲಿನ ನಿಜವಾದ ಭಾರ ಮೋಟಾರಿನದಲ್ಲ, ಮನುಷ್ಯನ ಕೈಯದು. ಅಲಗು ಗಂಟಿಗೆ ಸಿಕ್ಕಿಕೊಂಡಾಗ ಬಡಗಿ 150 ನ್ಯೂಟನ್ ಬಲದಿಂದ ಎಳೆದನೆಂದೂ ಅವನ ಮುಷ್ಟಿಯ ಮಧ್ಯ ಅಕ್ಷದಿಂದ 120 ಮಿ.ಮೀ. ದೂರವಿದೆಯೆಂದೂ ಇಟ್ಟುಕೊಳ್ಳೋಣ. ಪಟ್ಟಿಯನ್ನು ತಿರುಗಿಸುವ ಬಲ 18 ನ್ಯೂಟನ್-ಮೀಟರ್. ಎರಡು ಪಟ್ಟು ಭದ್ರತೆ ಬೇಕೆಂದರೆ 36.

ಒಂದೇ ಬೋಲ್ಟಿನ ಬಾಗುವ ಪಟ್ಟಿಯು ತಡೆಯಬಲ್ಲ ತಿರುಗುಬಲವನ್ನು ಹೀಗೆ ಕಂಡುಹಿಡಿಯಬಹುದು: ಬೋಲ್ಟಿನ ಎಳೆತ, ಒಡಲಿನ ತ್ರಿಜ್ಯ, ಘರ್ಷಣಾಂಕ, ಇವುಗಳನ್ನು ಗುಣಿಸಿ 6.28ರಿಂದ ಮತ್ತೆ ಗುಣಿಸುವುದು. ಎಂ6 ಬೋಲ್ಟನ್ನು 2.5 ನ್ಯೂಟನ್-ಮೀಟರಿಗೆ ಬಿಗಿದರೆ ಎಳೆತ ಸುಮಾರು 2,080 ನ್ಯೂಟನ್. ತ್ರಿಜ್ಯ 0.0325 ಮೀಟರ್. ಮರದ ಧೂಳನ್ನು ಗಣನೆಗೆ ತೆಗೆದುಕೊಂಡು ಘರ್ಷಣಾಂಕ 0.2 ಎಂದಿಟ್ಟರೆ ಉತ್ತರ 85 ನ್ಯೂಟನ್-ಮೀಟರ್. ಪಟ್ಟಿಯು ಎಲ್ಲೆಡೆ ಸಮನಾಗಿ ತಾಗುವುದಿಲ್ಲವಾದ್ದರಿಂದ ಅರ್ಧವನ್ನಷ್ಟೇ ನಂಬಿದರೂ 42 ಉಳಿಯುತ್ತದೆ. ಅದು ನಮಗೆ ಬೇಕಾದ 36ಕ್ಕಿಂತ ಹೆಚ್ಚು.

ಇನ್ನೂ ಬಿಗಿದರೆ ಇನ್ನೂ ಭದ್ರವಲ್ಲವೇ ಎಂಬ ಪ್ರಶ್ನೆ ಸಹಜ. 20 ಮಿ.ಮೀ. ಅಗಲದ ಪಟ್ಟಿಯಲ್ಲಿ ಮೇಲಿನ ಬಿಗಿತವು ಒಡಲಿನ ಮೇಲೆ ಚದರ ಮಿಲಿಮೀಟರಿಗೆ ಸುಮಾರು 3.2 ನ್ಯೂಟನ್ ಒತ್ತಡ ಹಾಕುತ್ತದೆ. ಪ್ಲಾಸ್ಟಿಕ್ ಒಡಲು ಬಿಸಿಯಾಗಿ ನಿರಂತರ ಒತ್ತಡದಲ್ಲಿದ್ದರೆ ಕ್ರಮೇಣ ಕುಗ್ಗುತ್ತದೆ, ಅದರೊಡನೆ ಬೋಲ್ಟಿನ ಎಳೆತವೂ ಇಳಿಯುತ್ತದೆ. ಅತಿಬಿಗಿತವು ಒಡಲನ್ನು ಅಂಡಾಕಾರಕ್ಕೆ ತಿರುಗಿಸಿದರೆ ಒಳಗಿನ ಮೋಟಾರಿಗೂ ಅಪಾಯ. ಆದ್ದರಿಂದ ಬಿಗಿತ ಹೆಚ್ಚಿಸುವ ಬದಲು ಪಟ್ಟಿಯ ಅಗಲವನ್ನು 25ರಿಂದ 30 ಮಿ.ಮೀ.ಗೆ ಹೆಚ್ಚಿಸಿದರೆ ಒತ್ತಡ ಹಂಚಿಹೋಗಿ, ಹಿಡಿಕೆ ಮೇಲೆ ಕೆಳಗೆ ಅಲುಗಾಡುವುದೂ ಕಡಿಮೆಯಾಗುತ್ತದೆ. ಲೋಹದ ಒಡಲಿನ ಯಂತ್ರಗಳಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ತಂಪುಗಾಳಿಯ ಕಂಡಿಗಳನ್ನು ಮಾತ್ರ ಪಟ್ಟಿಯು ಯಾವ ಮಾದರಿಯಲ್ಲಿಯೂ ಮುಚ್ಚಕೂಡದು.

4. ಹಿಡಿಕೆಯ ದಂಡದ ಲೆಕ್ಕ

ಪೇಟೆಯಲ್ಲಿ ದೊರೆಯುವ ಹಲವು ಹಿಡಿಕೆಗಳಿಗೆ ಎಂ8 ದಂಡವಿರುತ್ತದೆ. ಮುಷ್ಟಿಯ ಮಧ್ಯ ದಂಡದ ಬುಡದಿಂದ 60 ಮಿ.ಮೀ. ದೂರವಿದ್ದರೆ 150 ನ್ಯೂಟನ್ ಬಲವು 9 ನ್ಯೂಟನ್-ಮೀಟರ್ ಬಾಗುಬಲ ಉಂಟುಮಾಡುತ್ತದೆ. ಎಂ8 ತಿರುಪಿನ ಬುಡವ್ಯಾಸ ಸುಮಾರು 6.5 ಮಿ.ಮೀ. ಆದ್ದರಿಂದ ಅಲ್ಲಿನ ಒತ್ತಡ ಚದರ ಮಿಲಿಮೀಟರಿಗೆ ಸುಮಾರು 340 ನ್ಯೂಟನ್. 4.6 ದರ್ಜೆಯ ಸಾದಾ ಬೋಲ್ಟಿನ ಸಹನಶಕ್ತಿ 240 ಮಾತ್ರ. ಅಂದರೆ ಅದು ಬಾಗಿಯೇ ತೀರುತ್ತದೆ. 8.8 ದರ್ಜೆಯ ಉಕ್ಕಾದರೆ 640, ಭದ್ರತೆ ಎರಡು ಪಟ್ಟಿಗೂ ತುಸು ಕಡಿಮೆ. ಅದೇ ದರ್ಜೆಯ ಎಂ10 ದಂಡದಲ್ಲಿ ಒತ್ತಡ 170ಕ್ಕೆ ಇಳಿದು ಭದ್ರತೆ ಮೂರೂವರೆ ಪಟ್ಟನ್ನು ಮೀರುತ್ತದೆ. ಎರಡು ಮಿಲಿಮೀಟರ್ ವ್ಯಾಸದ ಹೆಚ್ಚಳಕ್ಕೆ ತಗಲುವ ವೆಚ್ಚ ಅತ್ಯಲ್ಪ. ಇಲ್ಲಿ ಉಳಿತಾಯ ಮಾಡುವುದು ಯಾವ ದೃಷ್ಟಿಯಿಂದಲೂ ಲಾಭಕರವಲ್ಲ.

ದಂಡದ ಬುಡದಲ್ಲಿ ಅಗಲವಾದ ಭುಜವೊಂದು ಪಟ್ಟಿಯ ಮುಖಕ್ಕೆ ಸಮನಾಗಿ ಕೂರುವಂತಿದ್ದರೆ ಬಾಗುಬಲದ ಬಹುಪಾಲನ್ನು ಆ ಭುಜವೇ ಹೊರುತ್ತದೆ. ಅಲ್ಯೂಮಿನಿಯಂ ಎರಕದಲ್ಲಿ ತಿರುಪಿನ ಆಳ ವ್ಯಾಸದ ಎರಡು ಪಟ್ಟು ಇರಲಿ. ಆಗಾಗ ಬಿಚ್ಚಿ ಹಾಕುವಂತಿದ್ದರೆ ಉಕ್ಕಿನ ಸುರುಳಿ ತೊಡಿಸುವುದು ಒಳಿತು.

5. ಕಂಪನದಿಂದ ಸಡಿಲವಾಗದಂತೆ

ಬಿಗಿದ ತಿರುಪು ತಾನಾಗಿ ಏಕೆ ಸಡಿಲವಾಗುತ್ತದೆ ಎಂಬುದನ್ನು ಜರ್ಮನಿಯ ಇಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗದಿಂದ ತೋರಿಸಿದರು. ಬೋಲ್ಟಿನ ಉದ್ದಕ್ಕೆ ಬರುವ ಕಂಪನಕ್ಕಿಂತ ಅದಕ್ಕೆ ಅಡ್ಡಲಾಗಿ ಬರುವ ಅಲುಗಾಟವೇ ಮುಖ್ಯ ಕಾರಣ. ಅಡ್ಡ ಅಲುಗಾಟದಲ್ಲಿ ಸಾದಾ ಸ್ಪ್ರಿಂಗ್ ವಾಷರ್ ಹೆಚ್ಚು ಪ್ರಯೋಜನಕ್ಕೆ ಬಾರದು. ಆದಕಾರಣ ಭಾಗಗಳು ಒಂದರ ಮೇಲೊಂದು ಜಾರದಂತೆ ಗಾಡಿ ಅಥವಾ ಗೂಟ ಕೊಡುವುದು ಮೊದಲ ಉಪಾಯ. ನೈಲಾನ್ ಉಂಗುರದ ನಟ್ ಅಥವಾ ಮಧ್ಯಮ ಶಕ್ತಿಯ ತಿರುಪು ಅಂಟು ಎರಡನೆಯದು. ನೈಲಾನ್ ನಟ್ಟನ್ನು ಪದೇ ಪದೇ ಬಳಸಿದರೆ ಹಿಡಿತ ಕಳೆದುಕೊಳ್ಳುವುದರಿಂದ ಪೊಟ್ಟಣದಲ್ಲಿ ಒಂದೆರಡು ಹೆಚ್ಚಿಗೆ ಇಡಬೇಕು.

6. ವಸ್ತುವಿನ ಆಯ್ಕೆ ಮತ್ತು ಖಾನಾಪುರದ ಮಳೆಗಾಲ

ಪಟ್ಟಿಗೆ ಎಲ್‌ಎಂ25 ಅಲ್ಯೂಮಿನಿಯಂ ಮಿಶ್ರಲೋಹದ ಎರಕ ಸೂಕ್ತ. ಮೊದಲ ಕೆಲವು ಹತ್ತು ತುಂಡುಗಳನ್ನು ಅಲ್ಯೂಮಿನಿಯಂ ದಿಮ್ಮಿಯಿಂದ ಸಿಎನ್‌ಸಿಯಲ್ಲಿ ಕೊರೆದು ಪರೀಕ್ಷಿಸಿ, ಆಕಾರ ಖಚಿತವಾದ ನಂತರ ಅಚ್ಚಿಗೆ ಹಣ ಹೂಡುವುದು ಜಾಣತನ. ಮೂರು ಆಯಾಮದ ಮುದ್ರಣದ ತುಂಡುಗಳು ಅಳತೆ ನೋಡಲು ಮಾತ್ರ. ಅವನ್ನು ತಿರುಗುವ ಯಂತ್ರಕ್ಕೆ ಕಟ್ಟಿ ಬಳಸಲಾಗದು. ಪಟ್ಟಿ ಮತ್ತು ದಂಡದ ಗೂಡು ಸೇರುವ ಮೂಲೆಯಲ್ಲಿ ಕನಿಷ್ಠ 3 ಮಿ.ಮೀ. ತ್ರಿಜ್ಯದ ಸುತ್ತು ಕೊಡದಿದ್ದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ.

ಮುಷ್ಟಿಗೆ ಸಿಗುವ ಭಾಗದ ವ್ಯಾಸ 30ರಿಂದ 40 ಮಿ.ಮೀ., ಉದ್ದ 100ರಿಂದ 125 ಮಿ.ಮೀ. ಇದ್ದರೆ ಅನುಕೂಲ. ಒಳತುದಿಯಲ್ಲಿ ಕೈ ಅಲಗಿನತ್ತ ಜಾರದಂತೆ ಎತ್ತರದ ಅಂಚು ಕಡ್ಡಾಯ.

ಮರದ ಹಿಡಿಕೆ ಕೈಗೆ ಹಿತ, ನೋಟಕ್ಕೆ ಚೆಂದ. ಖಾನಾಪುರದ ಕುಶಲಕರ್ಮಿಗಳು ತಿರುಗಣೆಯಲ್ಲಿ ಅದನ್ನು ಸೊಗಸಾಗಿ ಮಾಡಬಲ್ಲರು. ಆದರೆ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಮಳೆಗಾಲವೆಂದರೆ ತಿಂಗಳುಗಟ್ಟಲೆ ತೇವ. ಬೇಸಿಗೆಯ ಬೆಳಗಾವಿಯಲ್ಲಿ ಬಿಗಿಯಾಗಿದ್ದ ಮರ ಅಲ್ಲಿ ಉಬ್ಬುತ್ತದೆ, ಮತ್ತೆ ಒಣಗಿದಾಗ ಸಡಿಲವಾಗುತ್ತದೆ. ಅದಲ್ಲದೆ ಒದ್ದೆ ಮರವು ವಿದ್ಯುತ್ತನ್ನು ತಡೆಯುತ್ತದೆಂದು ನಂಬಲಾಗದು. ಅಲಗು ತನ್ನದೇ ತಂತಿಯನ್ನೋ ಗೋಡೆಯೊಳಗಿನ ತಂತಿಯನ್ನೋ ತಾಗಿದರೆ ಯಂತ್ರದ ಲೋಹದ ಭಾಗಗಳಿಗೆ ವಿದ್ಯುತ್ ಹರಿಯುವ ಸಂಭವವಿದೆ. ಆದ್ದರಿಂದ ಉಕ್ಕಿನ ದಂಡದ ಮೇಲೆ ನೈಲಾನ್ ಕೊಳವೆ ತೊಡಿಸಿ, ಅದರ ಮೇಲೆ ಸುಮಾರು 12 ಶೇಕಡಾ ತೇವಾಂಶಕ್ಕೆ ಒಣಗಿಸಿದ ಮರವನ್ನು ಕೂರಿಸುವುದು ಸರಿಯಾದ ಕ್ರಮ. ದಂಡದ ತುದಿ ಹಿಡಿಕೆಯ ಹೊರಗೆ ಕಾಣಬಾರದು. ಇಮ್ಮಡಿ ನಿರೋಧನದ ಯಂತ್ರಗಳ ಮೇಲೆ ಚೌಕದೊಳಗೆ ಚೌಕದ ಗುರುತು ಇರುತ್ತದೆ. ಅಂತಹ ಒಡಲಿಗೆ ರಂಧ್ರ ಕೊರೆದು ತಿರುಪು ಹಾಕುವ ಯಾವ ವಿನ್ಯಾಸವನ್ನೂ ತಿರಸ್ಕರಿಸಬೇಕು.

7. ಮಾಡಬಾರದ ಹಿಡಿಕೆ

ಕಲ್ಲು ಕತ್ತರಿಸುವ 110 ಮಿ.ಮೀ. ಮಾರ್ಬಲ್ ಕಟರ್‌ಗೆ ಮರದ ಅಲಗು ತೊಡಿಸಿ ಪ್ಲೈವುಡ್ ಸೀಳುವುದು ನಮ್ಮಲ್ಲಿ ವ್ಯಾಪಕವಾಗಿದೆ. ಆ ಯಂತ್ರ ನಿಮಿಷಕ್ಕೆ ಸುಮಾರು 12,000ದಿಂದ 13,000 ಸುತ್ತು ತಿರುಗುತ್ತದೆ. ಮರದ ಗರಗಸಕ್ಕೆ ಇರುವಂತಹ, ತಾನಾಗಿ ಮುಚ್ಚಿಕೊಳ್ಳುವ ಕೆಳರಕ್ಷಕ ಅದಕ್ಕಿಲ್ಲ. ಆಂಗಲ್ ಗ್ರೈಂಡರ್‌ಗೆ ಹಲ್ಲಿನ ಅಲಗು ಹಾಕುವುದು ಇನ್ನೂ ಅಪಾಯಕರ. ಇವುಗಳಿಗೆ ಹೆಚ್ಚುವರಿ ಹಿಡಿಕೆ ಬೇಕೆಂಬ ಬೇಡಿಕೆ ತಯಾರಕರಿಗೆ ಬಂದೀತು. ಆದರೆ ಹಿಡಿಕೆಯು ಇಲ್ಲದ ರಕ್ಷಕವನ್ನು ತಂದುಕೊಡುವುದಿಲ್ಲ. ಬದಲಾಗಿ, ಈಗ ಭಯವಿಲ್ಲವೆಂಬ ಭ್ರಮೆಯನ್ನು ಬಡಗಿಗೆ ಮಾರುತ್ತದೆ. ಇಂತಹ ಬೇಡಿಕೆಯನ್ನು ನಿರಾಕರಿಸಿ, ಮರಕ್ಕೆಂದೇ ಮಾಡಿದ ಗರಗಸವನ್ನು ಸೂಚಿಸುವುದು ತಯಾರಕರ ಹಾಗೂ ವ್ಯಾಪಾರಿಗಳ ಧರ್ಮ.

8. ಪರೀಕ್ಷೆಗಳು

ವಿದ್ಯುತ್ ಕೈಯಂತ್ರಗಳ ಸುರಕ್ಷತೆಗೆ ಐಇಸಿ 62841 ಎಂಬ ಅಂತರರಾಷ್ಟ್ರೀಯ ಮಾನಕ ಸರಣಿಯಿದ್ದು, ಅದರ 2-17ನೆಯ ಭಾಗ ರೌಟರುಗಳಿಗೆ ಸಂಬಂಧಿಸಿದೆ. ರಫ್ತಿನ ಗುರಿಯುಳ್ಳವರು ಅದನ್ನು ಓದತಕ್ಕದ್ದು. ಐರೋಪ್ಯ ಒಕ್ಕೂಟದ 2002ರ ನಿರ್ದೇಶನವು ಕೈಗೆ ತಗಲುವ ಕಂಪನಕ್ಕೆ 8 ಗಂಟೆಯ ಕೆಲಸದ ಆಧಾರದ ಮೇಲೆ 2.5ನ್ನು ಕ್ರಮ ಕೈಗೊಳ್ಳಬೇಕಾದ ಮಟ್ಟವೆಂದೂ 5 ಮೀಟರ್ ಪ್ರತಿ ಸೆಕೆಂಡ್ ವರ್ಗವನ್ನು ಮಿತಿಯೆಂದೂ ಗೊತ್ತುಪಡಿಸಿದೆ. ಸಣ್ಣ ಘಟಕಗಳು ತಮ್ಮಲ್ಲಿಯೇ ಮಾಡಬಹುದಾದ ಪರೀಕ್ಷೆಗಳು ಇಂತಿವೆ.

ಒಂದು, ಯಂತ್ರವನ್ನು ಕಟ್ಟಿ ನಿಲ್ಲಿಸಿ ಹಿಡಿಕೆಗೆ 300 ನ್ಯೂಟನ್ ಭಾರವನ್ನು, ಅಂದರೆ ಸುಮಾರು 30 ಕಿಲೋವನ್ನು, ಒಂದು ನಿಮಿಷ ತೂಗುಹಾಕುವುದು. ಪಟ್ಟಿ ಜಾರಬಾರದು, ದಂಡ ಬಾಗಬಾರದು.

ಎರಡು, ಹಿಡಿಕೆ ಸಹಿತ ಯಂತ್ರವನ್ನು 1 ಮೀಟರ್ ಎತ್ತರದಿಂದ ಕಾಂಕ್ರೀಟ್ ನೆಲಕ್ಕೆ 3 ಬಾರಿ ಬೀಳಿಸುವುದು. ಬಿರುಕು ಕಂಡರೆ ವಿನ್ಯಾಸ ಬದಲಿಸಬೇಕು.

ಮೂರು, ಬೋಲ್ಟಿನ ತಲೆಗೆ ಬಣ್ಣದ ಗೆರೆ ಎಳೆದು ಮತ್ತಿಯಂತಹ ಗಟ್ಟಿ ಮರದಲ್ಲಿ ಹಲವು ಗಂಟೆ ಕೆಲಸ ಮಾಡಿ ಗೆರೆ ಸರಿದಿದೆಯೇ ಎಂದು ನೋಡುವುದು.

ನಾಲ್ಕು, ಒಂದು ಮಳೆಗಾಲ ಪೂರ್ತಿ ಖಾನಾಪುರದ ಬಡಗಿಗಳ ಕೈಯಲ್ಲಿ ಕೆಲವು ಹಿಡಿಕೆಗಳನ್ನು ಬಳಸಲು ಕೊಟ್ಟು, ಅವರ ಅಭಿಪ್ರಾಯವನ್ನು ಬರಹದಲ್ಲಿ ದಾಖಲಿಸುವುದು.

ಉದ್ಯಮಬಾಗದಲ್ಲಿರುವ ಗೋಗಟೆ ತಾಂತ್ರಿಕ ಮಹಾವಿದ್ಯಾಲಯವು 1979ರಿಂದಲೂ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 1998ರಿಂದಲೂ ಬೆಳಗಾವಿಯಲ್ಲಿವೆ. ಇಂತಹ ಪರೀಕ್ಷೆಗಳನ್ನು ವಿದ್ಯಾರ್ಥಿಗಳ ಯೋಜನಾಕಾರ್ಯವಾಗಿ ನಡೆಸುವಂತೆ ತಯಾರಕರು ಅಲ್ಲಿನ ಪ್ರಾಧ್ಯಾಪಕರನ್ನು ಕೋರಬಹುದು.

9. ಕಾನೂನು: ತಯಾರಕರಿಗೂ ವ್ಯಾಪಾರಿಗಳಿಗೂ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು 2020ರ ಜುಲೈನಲ್ಲಿ ಜಾರಿಗೆ ಬಂದಿದ್ದು, ಅದರ ಆರನೆಯ ಅಧ್ಯಾಯವು ಉತ್ಪನ್ನ ಹೊಣೆಗಾರಿಕೆಯನ್ನು ವಿಧಿಸುತ್ತದೆ. ತಯಾರಿಕೆಯ ದೋಷಕ್ಕೆ ಮಾತ್ರವಲ್ಲ, ವಿನ್ಯಾಸದ ದೋಷಕ್ಕೂ ಸಾಕಷ್ಟು ಬಳಕೆಯ ಸೂಚನೆ ಕೊಡದಿದ್ದುದಕ್ಕೂ ತಯಾರಕನು ಹೊಣೆಯಾಗುತ್ತಾನೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲವೆಂಬ ನಿಯಮವಿದ್ದರೂ, ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ಕೊಂಡು ಬಳಸುವವನು ಗ್ರಾಹಕನೇ ಆಗಿರುತ್ತಾನೆ. ಒಬ್ಬಂಟಿ ಬಡಗಿಗೆ ಈ ರಕ್ಷಣೆ ದೊರೆಯುತ್ತದೆ.

ವ್ಯಾಪಾರಿ ಬಾಂಧವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ತಯಾರಕರು ಯಾರೆಂದು ತಿಳಿಯದಿದ್ದಲ್ಲಿ ಮಾರಾಟಗಾರನ ಮೇಲೆಯೇ ಹೊಣೆ ಬೀಳಬಹುದು. ಹೆಸರು ವಿಳಾಸವಿಲ್ಲದ ಅಗ್ಗದ ಹಿಡಿಕೆಗಳನ್ನು ರಾಶಿಯಾಗಿ ತಂದು ಮಾರುವವರು ಆ ಅಗ್ಗದ ಬೆಲೆಯೊಂದಿಗೆ ಈ ಹೊಣೆಯನ್ನೂ ಕೊಂಡಿರುತ್ತಾರೆ. ಆದ್ದರಿಂದ ಸರಕು ಕೊಳ್ಳುವ ಮೊದಲು ಕೆಳಗಿನವನ್ನು ಪರಿಶೀಲಿಸಿರಿ:

ಅ) ತಯಾರಕರ ಹೆಸರು, ವಿಳಾಸ, ಗರಿಷ್ಠ ಬೆಲೆ, ತಯಾರಿಕೆಯ ತಿಂಗಳು ಮತ್ತು ವರ್ಷ ಪೊಟ್ಟಣದ ಮೇಲಿವೆಯೇ?
ಆ) ಯಾವ ಯಾವ ಮಾದರಿಗೆ, ಯಾವ ವ್ಯಾಸಕ್ಕೆ ಹೊಂದುತ್ತದೆಂದು ನಮೂದಿಸಿದೆಯೇ?
ಇ) ಬೋಲ್ಟಿನ ಬಿಗಿತದ ಪ್ರಮಾಣ ಮತ್ತು ದರ್ಜೆ ತಿಳಿಸಿದೆಯೇ?
ಈ) ಕನ್ನಡ ಹಾಗೂ ಮರಾಠಿಯಲ್ಲಿ, ಚಿತ್ರಸಹಿತ ಸೂಚನೆ ಇದೆಯೇ?
ಉ) ಬಿಡಿ ನಟ್ ಮತ್ತು ದಂಡ ಪ್ರತ್ಯೇಕವಾಗಿ ದೊರೆಯುತ್ತವೆಯೇ?

ಹೊಸ ಆಕಾರವನ್ನು ಕಂಡುಹಿಡಿದ ತಯಾರಕರು ಅದನ್ನು ಪ್ರದರ್ಶಿಸುವ ಅಥವಾ ಮಾರುವ ಮೊದಲೇ 2000ದ ವಿನ್ಯಾಸ ಕಾಯ್ದೆಯನ್ವಯ ನೋಂದಣಿಗೆ ಅರ್ಜಿ ಸಲ್ಲಿಸುವುದು ಉಚಿತ. ರಕ್ಷಣೆ 10 ವರ್ಷ, ಮತ್ತೆ 5 ವರ್ಷ ವಿಸ್ತರಿಸಬಹುದು. ಇದು ಹೊರರೂಪಕ್ಕೆ ಮಾತ್ರ ಅನ್ವಯಿಸುತ್ತದೆ. ಕಾರ್ಯವಿಧಾನದಲ್ಲಿ ಹೊಸತನವಿದ್ದರೆ ಪೇಟೆಂಟಿನ ದಾರಿ ಬೇರೆ.

10. ಸಮಾಪ್ತಿ

ಮೇಲೆ ವಿವರಿಸಿದ ಹಿಡಿಕೆಗೆ ಬೇಕಾದ ಎರಕ, ಕೊರೆತ, ತಿರುಗಣೆ, ಪ್ಲಾಸ್ಟಿಕ್ ಅಚ್ಚು ಈ ಯಾವ ಕೌಶಲಕ್ಕೂ ನಾವು ದೂರದ ಊರಿಗೆ ಹೋಗಬೇಕಾಗಿಲ್ಲ. ಬಂಡವಾಳವೂ ದೊಡ್ಡದಲ್ಲ. ಬೇಕಾದುದು ಯಂತ್ರವನ್ನು ಅಳೆದು, ಬಲವನ್ನು ಲೆಕ್ಕಹಾಕಿ, ಮುರಿಯುವವರೆಗೆ ಪರೀಕ್ಷಿಸಿ, ನಂತರ ತಮ್ಮ ಹೆಸರನ್ನು ಅದರ ಮೇಲೆ ಅಚ್ಚೊತ್ತುವ ಶಿಸ್ತು. ಆಸಕ್ತ ಸದಸ್ಯರು ಮೊದಲ ಹೆಜ್ಜೆಯಾಗಿ ತಮ್ಮ ಸಮೀಪದ ಮರಗೆಲಸದ ಅಂಗಡಿಗೆ ತೆರಳಿ, ಅಲ್ಲಿ ಬಳಕೆಯಲ್ಲಿರುವ ಟ್ರಿಮ್ಮರುಗಳ ಒಡಲಿನ ವ್ಯಾಸ, ತಳದ ತಿರುಪುಗಳ ಅಂತರ ಮತ್ತು ಗಾಳಿಕಂಡಿಗಳ ಸ್ಥಾನವನ್ನು ಒಂದು ಪಟ್ಟಿಯಾಗಿ ಬರೆದುಕೊಳ್ಳಲಿ. ಯಾವ ಅಳತೆ ಹೆಚ್ಚು ಬಾರಿ ಬರುತ್ತದೆಯೋ ಅದಕ್ಕೇ ಮೊದಲ ಹಿಡಿಕೆಯನ್ನು ಮಾಡುವುದು ಯುಕ್ತ.